ಟ್ಯಾಂಕಿನಲ್ಲಿ ಮತ್ತೆ ಮತ್ತೆ ಮೊಟ್ಟೆ: ಆಕ್ಸೊಲಾಟಲ್ ಸಾಕಿದವರಿಗೆ ದೋಷ ನಿವಾರಣೆ ಕೈಪಿಡಿ

ಬೆಳಿಗ್ಗೆ ಲೈಟ್ ಹಾಕಿದರೆ ಗಿಡದ ಎಲೆ, ಸ್ಪಾಂಜ್ ಫಿಲ್ಟರ್, ಏರ್ ಪೈಪು, ಅಡಗಿ ಕೂರುವ ಮಡಕೆ, ಎಲ್ಲದರ ಮೇಲೂ ನೆನೆಸಿದ ಕಾಮಕಸ್ತೂರಿ ಬೀಜದ ಹಾಗೆ ಲೋಳೆಯೊಳಗೊಂದು ಕಪ್ಪು ಚುಕ್ಕೆ. ಹೋದ ಸಲ ತೆಗೆದುಹಾಕಿ ಇನ್ನೂ ಎಷ್ಟೋ ದಿನ ಆಗಿಲ್ಲ, ಆಗಲೇ ಮತ್ತೆ. ಇದು ನಿಮ್ಮ ಮನೆಯ ಆಕ್ಸೊಲಾಟಲ್‌ಗಳ (ಬದುಕಿಡೀ ನೀರಿನಲ್ಲೇ ಇರುವ, ಕಿವಿರುಳ್ಳ ಸಾಲಮಾಂಡರ್, ಕಪ್ಪೆಯ ಹಾಗೆ ಉಭಯಚರ) ಕಥೆಯಾಗಿದ್ದರೆ ಮುಂದೆ ಓದುವ ಮೊದಲು ಒಂದು ಕೆಲಸ ಮುಗಿಸಿಬಿಡಿ. ಗಂಡು ಯಾವುದು ಅಂತ ಗೊತ್ತಿದ್ದರೆ ಅದನ್ನು ಈಗಲೇ ಬೇರೆ ಟಬ್ಬಿಗೆ ಹಾಕಿ.

ಹೆಣ್ಣನ್ನಲ್ಲ, ಗಂಡನ್ನು. ಹೆಣ್ಣು ಮೊಟ್ಟೆ ಇಟ್ಟು ಮುಗಿಸಲು ಒಂದೆರಡು ದಿನ ಬೇಕಾಗುತ್ತದೆ, ನಡುವೆ ಅದನ್ನು ಹಿಡಿದು ಎತ್ತಾಡಬಾರದು. ಗಂಡಿಗೆ ದೊಡ್ಡ ಪ್ಲಾಸ್ಟಿಕ್ ಟಬ್ ಸಾಕು, ಸೋಪು ಮುಟ್ಟದ್ದು ಆಗಿರಬೇಕು ಅಷ್ಟೆ. ನಲ್ಲಿ ನೀರಿಗೆ ಆಂಟಿ-ಕ್ಲೋರಿನ್ ಹಾಕಿ, ಟ್ಯಾಂಕಿನ ನೀರಿನಷ್ಟೇ ತಣ್ಣಗಿದೆಯಾ ನೋಡಿ, ಅದರಲ್ಲಿ ಬಿಡಿ. ಟಬ್ಬಿನಲ್ಲಿ ಫಿಲ್ಟರ್ ಇರುವುದಿಲ್ಲವಾದ್ದರಿಂದ ದಿನಕ್ಕೊಮ್ಮೆ ಪೂರ್ತಿ ನೀರು ಬದಲಾಯಿಸಬೇಕು. ಬೇಜಾರಿನ ಕೆಲಸವೇ. ಆದರೆ ಗಂಡು ಅಲ್ಲೇ ಇದ್ದರೆ ಹೆಣ್ಣು ಮೊಟ್ಟೆ ಇಟ್ಟು ಸುಸ್ತಾಗಿರುವ ಹೊತ್ತಿಗೇ ಅದರ ಹಿಂದೆ ಬೀಳುತ್ತದೆ. ಅದಕ್ಕೆ ಬಿಡುವು ಅನ್ನುವುದೇ ಗೊತ್ತಿಲ್ಲ.

ಈ ತೊಂದರೆಗೆ ಜನ ನೀರು ನೋಡುತ್ತಾರೆ, ಲೈಟ್ ನೋಡುತ್ತಾರೆ, ಊಟ ಕಡಿಮೆ ಮಾಡುತ್ತಾರೆ. ನನ್ನ ಮಟ್ಟಿಗೆ ಇದು ನೀರಿನ ದೋಷವೇ ಅಲ್ಲ. ಆರೋಗ್ಯವಾಗಿರುವ ಗಂಡು-ಹೆಣ್ಣು ಒಂದೇ ಟ್ಯಾಂಕಿನಲ್ಲಿ ಇದ್ದರೆ ಮೊಟ್ಟೆ ಬಂದೇ ಬರುತ್ತದೆ, ನೀವು ಚೆನ್ನಾಗಿ ನೋಡಿಕೊಂಡಷ್ಟೂ ಜಾಸ್ತಿ ಬರುತ್ತದೆ. ಒಂದು ಸಲಕ್ಕೆ ನೂರರಿಂದ ಹಿಡಿದು ಸಾವಿರದವರೆಗೆ. ಹಾಗಾಗಿ ಕೆಳಗೆ ಬರೆದಿರುವ ಪರೀಕ್ಷೆಗಳೆಲ್ಲ ಸುತ್ತಿ ಬಳಸಿ ಬರುವುದು ಒಂದೇ ಜಾಗಕ್ಕೆ: ಯಾವುದು ಗಂಡು, ಅದು ಎಲ್ಲಿದೆ, ಹೆಣ್ಣು ಎಷ್ಟು ಸೋತಿದೆ.

ಮೊಟ್ಟೆ ಫಲಿತವೋ, ಬರೀ ಮೊಟ್ಟೆಯೋ?

ಒಂಟಿ ಹೆಣ್ಣೂ ಕೆಲವೊಮ್ಮೆ ಮೊಟ್ಟೆ ಇಡುತ್ತದೆ. ಅದರಿಂದ ಮರಿ ಬರುವುದಿಲ್ಲ. ಆದ್ದರಿಂದ ಗಾಬರಿಗೆ ಮೊದಲು ಇದನ್ನು ತಿಳಿದುಕೊಳ್ಳಿ. ಎಂಟು ಹತ್ತು ಮೊಟ್ಟೆಯನ್ನು ಟ್ಯಾಂಕ್ ನೀರಿನ ಜೊತೆ ಒಂದು ಸಣ್ಣ ಡಬ್ಬಿಗೆ ಹಾಕಿಟ್ಟು, ಮೊಬೈಲ್ ಟಾರ್ಚನ್ನು ಹಿಂದಿನಿಂದ ಹಿಡಿದು ದಿನಾ ನೋಡಿ. ಫಲಿತವಾಗಿದ್ದರೆ 18 ಡಿಗ್ರಿ ಆಸುಪಾಸಿನ ನೀರಿನಲ್ಲಿ ಮೂರು-ನಾಲ್ಕು ದಿನಕ್ಕೆ ದುಂಡಗಿದ್ದ ಚುಕ್ಕೆ ಉದ್ದವಾಗತೊಡಗುತ್ತದೆ, ಆಮೇಲೆ ತಲೆ-ಬಾಲ ಅಂತ ಗುರುತು ಹಿಡಿಯುವ ಹಾಗೆ ಆಗುತ್ತದೆ. ಫಲಿತವಾಗದ್ದು ದುಂಡಗೇ ಉಳಿದು, ಮಬ್ಬಾಗಿ, ಕೊನೆಗೆ ಹತ್ತಿಯಂಥ ಬೂಷ್ಟು ಹಿಡಿಯುತ್ತದೆ.

ಇಲ್ಲಿ ತುಂಬಾ ಜನ ಜಾರುವ ಒಂದು ಕಡೆ ಇದೆ. 'ಬಿಳಿ ಮೊಟ್ಟೆ ಅಂದ್ರೆ ಸತ್ತ ಮೊಟ್ಟೆ' ಅಂತ ಎಲ್ಲರೂ ಹೇಳುತ್ತಾರೆ. ಮೊಟ್ಟೆಯ ಬಣ್ಣ ಬರುವುದು ತಾಯಿಯಿಂದ. ಆಲ್ಬಿನೋ ತಾಯಿ (ಮೈಯಲ್ಲಿ ಕಪ್ಪು ಬಣ್ಣದ ಅಂಶವೇ ಇಲ್ಲದ್ದು), ಅಂದರೆ ಅಂಗಡಿಯಲ್ಲಿ ಗೋಲ್ಡನ್ ಅಂತ ಕೊಡುತ್ತಾರಲ್ಲ ಅದೂ ಸೇರಿ, ಶುರುವಿನಿಂದಲೇ ಬಿಳಿ ಮೊಟ್ಟೆ ಇಡುತ್ತದೆ. ಅವು ಚೆನ್ನಾಗಿಯೇ ಬೆಳೆಯುತ್ತವೆ. ಮೈಯೆಲ್ಲ ಬಿಳಿ, ಕಣ್ಣು ಮಾತ್ರ ಕಪ್ಪು ಇರುವ ಲೂಸಿಸ್ಟಿಕ್ ತಾಯಿ ಇಡುವುದು ಕಪ್ಪು ಮೊಟ್ಟೆಯನ್ನೇ. ಆದ್ದರಿಂದ ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಆಕಾರ ನೋಡಿ. ಬಿಳಿ ಇದೆ, ಸತ್ತಿರಬೇಕು ಅಂತ ಸುಮ್ನೆ ಬಿಟ್ಟವರ ಟ್ಯಾಂಕಿನಲ್ಲಿ ಎರಡು-ಮೂರು ವಾರಕ್ಕೆ ಸೂಜಿ ಗಾತ್ರದ ಮರಿಗಳು ಗಾಜಿಗೆ ಅಂಟಿಕೊಂಡಿರುತ್ತವೆ.

ಒಂದೂ ಬೆಳೆಯಲಿಲ್ಲ ಅಂದರೆ ನಿಮ್ಮಲ್ಲಿ ಗಂಡು ಇಲ್ಲ, ಅಥವಾ ಇದ್ದರೂ ಈ ಸಲ ಕೂಡಿಲ್ಲ. ಮೊಟ್ಟೆ ತೆಗೆದುಹಾಕಿ, ಹೆಣ್ಣಿಗೆ ಚೆನ್ನಾಗಿ ಊಟ ಕೊಡಿ, ಅಷ್ಟೇ. ಆದರೂ ಮುಂದಿನ ಭಾಗ ಓದಿ.

'ಎರಡೂ ಹೆಣ್ಣು ಅಂತ ಕೊಟ್ರು'

ಅತಿ ಸಂತಾನದ ಮೂಲ ಹುಡುಕುತ್ತಾ ಹೋದರೆ ಹೆಚ್ಚಿನ ಕಡೆ ಸಿಗುವುದು ಈ ವಾಕ್ಯವೇ. ಅಂಗಡಿಯಲ್ಲಿ ಮಾರುವುದು ಬೆರಳುದ್ದದ ಮರಿಗಳನ್ನು. ಆ ಗಾತ್ರದಲ್ಲಿ ಗಂಡು-ಹೆಣ್ಣು ನೋಡಿ ಹೇಳಲು ಯಾರಿಗೂ ಆಗುವುದಿಲ್ಲ, ಹೇಳಿದರೆ ಅದು ಊಹೆ. ಸುಮಾರು 18 ಸೆಂ.ಮೀ. ಉದ್ದ ದಾಟಿದ ಮೇಲೆ, ಒಂದು ವರ್ಷದ ಆಸುಪಾಸಿಗೆ, ಗುರುತು ಸಿಗತೊಡಗುತ್ತದೆ. ಕೆಲವು ಗಂಡುಗಳು ಇನ್ನೂ ತಡ ಮಾಡುತ್ತವೆ. ವರ್ಷ ಕಳೆದರೂ ಹೆಣ್ಣಿನ ಹಾಗೇ ಕಂಡು, ಒಂದೂವರೆ ವರ್ಷದ ಹೊತ್ತಿಗೆ 'ಓಹೋ' ಅನ್ನಿಸುತ್ತವೆ.

ನೋಡಬೇಕಾದ ಜಾಗ ಹಿಂಗಾಲಿನ ಬುಡ, ಬಾಲ ಶುರುವಾಗುವ ಕಡೆ ಇರುವ ಮಲದ್ವಾರ. ಮೊಟ್ಟೆ, ವೀರ್ಯ ಹೊರಬರುವುದೂ ಇಲ್ಲಿಂದಲೇ, ಇದನ್ನು ಕ್ಲೊಯೇಕಾ ಅನ್ನುತ್ತಾರೆ. ಗಂಡಿನಲ್ಲಿ ಇದರ ಎರಡೂ ಬದಿ ಊದಿಕೊಂಡು ಎದ್ದು ಕಾಣುತ್ತದೆ. ಹೆಣ್ಣಿನಲ್ಲಿ ಸಣ್ಣ ಉಬ್ಬು ಇರಬಹುದು, ಆದರೆ ಹೆಚ್ಚು ಕಡಿಮೆ ಚಪ್ಪಟೆ. ಮೇಲಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಪಾರದರ್ಶಕ ಡಬ್ಬಿಗೆ ನೀರಿನ ಸಮೇತ ತೆಗೆದುಕೊಂಡು, ಡಬ್ಬಿಯನ್ನು ಎತ್ತಿ ಕೆಳಗಿನಿಂದ ಫೋಟೊ ತೆಗೆಯಿರಿ, ಪಕ್ಕದಿಂದಲೂ ಒಂದು. ಎರಡು ಪ್ರಾಣಿಯ ಫೋಟೊವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅನುಮಾನ ಬೇಗ ಬಗೆಹರಿಯುತ್ತದೆ. ಹೊಟ್ಟೆ ಅಗಲವಾಗಿದೆ, ಆದ್ದರಿಂದ ಹೆಣ್ಣು ಅನ್ನುವ ಲೆಕ್ಕ ನಂಬಬೇಡಿ. ಪೆಲೆಟ್ ಜಾಸ್ತಿ ತಿಂದ ಗಂಡೂ ಅಗಲವಾಗಿರುತ್ತದೆ.

ಎರಡನೇ ಸಾಕ್ಷಿ ನೆಲದ ಮೇಲೆ ಸಿಗುತ್ತದೆ. ಗಂಡು ರಾತ್ರಿ ಹೆಣ್ಣನ್ನು ಮೂತಿಯಿಂದ ತಳ್ಳುತ್ತಾ, ಬಾಲ ಅಲ್ಲಾಡಿಸುತ್ತಾ ಸುತ್ತಾಡಿ, ನೆಲಕ್ಕೆ ಸಣ್ಣ ಲೋಳೆಯ ಗೋಪುರಗಳನ್ನು ಅಂಟಿಸುತ್ತದೆ. ತುದಿಯಲ್ಲಿ ಬಿಳಿ ಟೋಪಿ. ಆ ಟೋಪಿಯಲ್ಲೇ ವೀರ್ಯ ಇರುವುದು. ಇದಕ್ಕೆ ಸ್ಪರ್ಮಟೊಫೋರ್ ಅಂತ ಹೆಸರು. ಹೆಣ್ಣು ಅದರ ಮೇಲೆ ನಡೆದುಹೋಗಿ ಟೋಪಿಯನ್ನು ಒಳಗೆ ತೆಗೆದುಕೊಳ್ಳುತ್ತದೆ. ಅಂದರೆ ಮೀನಿನ ಹಾಗೆ ಮೊಟ್ಟೆ ಹೊರಗೆ ಬಂದಮೇಲೆ ಫಲ ಕಟ್ಟುವುದಲ್ಲ, ಒಳಗೇ ಆಗಿಹೋಗಿರುತ್ತದೆ. ಮೊಟ್ಟೆ ಇಡುವುದು ಅದರ ನಂತರ, ಕೆಲವೇ ಗಂಟೆಗಳಿಂದ ಎರಡು-ಮೂರು ದಿನದೊಳಗೆ. ಬರಿ ಗಾಜಿನ ನೆಲ ಅಥವಾ ಟೈಲ್ಸ್ ಹಾಕಿದ ಟ್ಯಾಂಕಿನಲ್ಲಿ ಈ ಗೋಪುರ ಚೆನ್ನಾಗಿ ಕಾಣುತ್ತದೆ. ಮರಳಿನ ಮೇಲೆ ಹಾಗಲ್ಲ, ಕಣ್ಣಿಗೆ ಬೀಳದೇ ಹೋಗುವುದೇ ಜಾಸ್ತಿ. ಇದು ಒಂದು ಕಂಡರೂ ಸಾಕು, ಟ್ಯಾಂಕಿನಲ್ಲಿ ಗಂಡು ಇದೆ, ವಾದ ಮುಗಿಯಿತು. ಮೊಟ್ಟೆ ಇನ್ನೂ ಕಾಣದಿದ್ದರೆ ಆ ಕ್ಷಣವೇ ಗಂಡನ್ನು ತೆಗೆದು, ಗೋಪುರಗಳನ್ನು ಸೈಫನ್ನಿನಿಂದ ಎಳೆದುಬಿಡಿ. ಹೆಣ್ಣು ಆಗಲೇ ತೆಗೆದುಕೊಂಡಿದ್ದರೆ ಏನೂ ಮಾಡುವ ಹಾಗಿಲ್ಲ, ಆದರೆ ಕೆಲವು ಸಲ ಅಷ್ಟರಲ್ಲಿ ತಪ್ಪಿಸಬಹುದು.

ಗಂಡು ಬೇರೆ ಮಾಡಿದ ಮೇಲೂ ಮೊಟ್ಟೆ

ಮೊದಲನೇ ಕಾರಣ: ಹೆಣ್ಣು ವೀರ್ಯವನ್ನು ಒಳಗೆ ಕೂಡಿಟ್ಟುಕೊಳ್ಳಬಲ್ಲದು. ಆದ್ದರಿಂದ ಬೇರೆ ಮಾಡಿದ ಮೇಲೂ ಒಮ್ಮೆ ಫಲಿತ ಮೊಟ್ಟೆ ಬಂದರೆ ದೋಷ ನಿಮ್ಮ ಏರ್ಪಾಡಿನದಲ್ಲ. ಮೊಟ್ಟೆ ತೆಗೆಯಿರಿ, ಕಾಯಿರಿ.

ಎರಡನೇದು, ಹಳೇ ಮೊಟ್ಟೆ. ಫಿಲ್ಟರಿನ ಹಿಂಬದಿ, ಹೀರುವ ಕೊಳವೆಯ ಒಳಭಾಗ, ಮಡಕೆಯ ಒಳಗಿನ ಸೂರು, ಜಾವಾ ಮಾಸ್ ಗುಪ್ಪೆಯ ನಡುಭಾಗ, ಇಷ್ಟು ಕಡೆ ಕೈ ಹಾಕದೆ 'ಎಲ್ಲಾ ತೆಗೆದೆ' ಅನ್ನಬೇಡಿ. ಆ ಗಿಡವನ್ನೇ ಇನ್ನೊಂದು ಟ್ಯಾಂಕಿಗೆ ನೆಟ್ಟರೆ ಅಲ್ಲೂ ಮರಿ.

ಮೂರನೇದು ತಡೆಗೋಡೆ. ಎರಡು ಟ್ಯಾಂಕಿಗೆ ಜಾಗ ಇಲ್ಲ, ಚಿಲ್ಲರ್ (ಟ್ಯಾಂಕಿನ ನೀರು ತಣ್ಣಗಿಡುವ ಯಂತ್ರ) ಒಂದೇ ಇದೆ ಅಂತ ನಡುವೆ ಜಾಲರಿ ನಿಲ್ಲಿಸುವವರಿದ್ದಾರೆ. ಅರ್ಥವಾಗುತ್ತದೆ, ಬೆಂಗಳೂರಿನಲ್ಲೇ ಏಪ್ರಿಲ್‌ನಲ್ಲಿ ಚಿಲ್ಲರ್ ಇಲ್ಲದೆ ಇವನ್ನು ಉಳಿಸಿಕೊಳ್ಳುವುದು ಕಷ್ಟ, ಮಂಗಳೂರಿನಂಥ ಕಡೆ ವರ್ಷವಿಡೀ ಓಡಿಸಬೇಕು, ಎರಡನೇ ಚಿಲ್ಲರ್ ಅಂದರೆ ಎದೆ ಒಡೆಯುತ್ತದೆ. ನೆಲಕ್ಕೆ ಅಂಟಿದ ಸ್ಪರ್ಮಟೊಫೋರ್ ತಾನಾಗಿ ಗೋಡೆ ದಾಟುವುದಿಲ್ಲ, ಹಾಗಾಗಿ ಒಳ್ಳೆ ಗೋಡೆ ಕೆಲಸ ಮಾಡುತ್ತದೆ. ಕೆಟ್ಟ ಗೋಡೆ ಮಾಡುವುದಿಲ್ಲ. ಸಕ್ಷನ್ ಕಪ್ಪಿನ ಮೇಲೆ ನಿಂತ ಜಾಲರಿಯನ್ನು 25 ಸೆಂ.ಮೀ. ಉದ್ದದ ಪ್ರಾಣಿ ಒಂದು ರಾತ್ರಿ ತಳ್ಳಿದರೆ ಸಾಕು. ಗಾಜಿಗೆ ಸಿಲಿಕೋನ್ ಹಾಕಿ ಕೂರಿಸಿ, ನೆಲದ ಕಡೆ ಸಂದು ಬಿಡಬೇಡಿ, ನೀರಿನ ಮಟ್ಟಕ್ಕಿಂತ ಎತ್ತರ ಇರಲಿ. ಇಷ್ಟೆಲ್ಲ ಮಾಡಿದರೂ ಗಂಡಿನ ವಾಸನೆ ಅದೇ ನೀರಿನಲ್ಲಿ ಇದ್ದೇ ಇರುತ್ತದೆ. ತಾತ್ಕಾಲಿಕಕ್ಕೆ ಸರಿ. ವರ್ಷಗಟ್ಟಲೆಗೆ ಅಂದರೆ ಒಂದೇ ಚಿಲ್ಲರಿಗೆ ಎರಡು ಟ್ಯಾಂಕ್ ಜೋಡಿಸಿಕೊಳ್ಳುವುದು ಮೇಲು, ನೀರು ಸುತ್ತಿದರೂ ಪ್ರಾಣಿ ಸುತ್ತುವುದಿಲ್ಲ. ಹೀರುವ ಬಾಯಿಗೆ ಸ್ಪಾಂಜ್ ಕಟ್ಟಿ.

ನಾಲ್ಕನೇದು ಸರಳ. ನೀವು ಬೇರೆ ಮಾಡಿದ್ದು ಗಂಡಲ್ಲ.

ಚಳಿಗಾಲದಲ್ಲೇ ಜಾಸ್ತಿ ಯಾಕೆ?

ಆಕ್ಸೊಲಾಟಲ್‌ನ ಮನೆ ಮೆಕ್ಸಿಕೋ ನಗರದ ದಕ್ಷಿಣಕ್ಕಿರುವ ಸೊಚಿಮಿಲ್ಕೊ ಕಾಲುವೆಗಳು. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರ, ತಣ್ಣನೆ ನೀರು. ನೀರು ತಣ್ಣಗಾಗುವುದು, ಹಗಲಿನ ಉದ್ದ ಬದಲಾಗುವುದು ಇವಕ್ಕೆ ಕೂಡುವ ಕಾಲದ ಸೂಚನೆ. ಬೆಂಗಳೂರಿನಲ್ಲಿ ಡಿಸೆಂಬರ್-ಜನವರಿಯ ರಾತ್ರಿಗಳು 15–16 ಡಿಗ್ರಿಗೆ ಇಳಿಯುತ್ತವೆ. ಅಲ್ಲಿಯವರೆಗೆ ಚಿಲ್ಲರ್ ಹಾಕಿ 20ರಲ್ಲಿ ಹಿಡಿದಿದ್ದ ನೀರು ತಾನಾಗಿಯೇ ಕೆಳಗೆ ಹೋಗುತ್ತದೆ. ನೀವು ಏನೂ ಮಾಡದೆಯೇ ಸಂತಾನಕ್ಕೆ ಬೇಕಾದ ಸಂಜ್ಞೆ ಕೊಟ್ಟ ಹಾಗಾಯಿತು. ಚಿಲ್ಲರ್ ಕೆಟ್ಟು ನೀರು ಬಿಸಿಯಾಗಿ, ರಿಪೇರಿಯಾಗಿ ಮತ್ತೆ ತಣ್ಣಗಾದಾಗಲೂ ಇದೇ ಆಗಬಹುದು. ದೊಡ್ಡ ಪ್ರಮಾಣದಲ್ಲಿ ತಣ್ಣೀರು ಬದಲಾಯಿಸಿದ ಮಾರನೇ ದಿನ ಮೊಟ್ಟೆ ಕಂಡವರೂ ಇದ್ದಾರೆ.

ಇದನ್ನು ಓದಿ ಯಾರಿಗಾದರೂ 'ಹಾಗಾದರೆ ನೀರು ಬೆಚ್ಚಗೆ ಇಟ್ಟರೆ ನಿಲ್ಲುತ್ತಾ?' ಅನ್ನಿಸಿದರೆ, ದಯವಿಟ್ಟು ಬೇಡ. ಇವಕ್ಕೆ ಹಿತ 16ರಿಂದ 18 ಡಿಗ್ರಿ. 22–24 ದಾಟಿದರೆ ಉಸಿರಾಟಕ್ಕೆ ಕಷ್ಟ, ಊಟ ಬಿಡುವುದು, ಬೂಷ್ಟು, ಆಮೇಲೆ ಸಾವು. ಮೊಟ್ಟೆ ನಿಲ್ಲಿಸಲು ಹೋಗಿ ತಾಯಿಯನ್ನೇ ಬೇಯಿಸಿದ ಹಾಗಾಗುತ್ತದೆ. ಊಟ ಕಡಿಮೆ ಮಾಡುವುದೂ ಇದೇ ಜಾತಿಯ ಉಪಾಯ. ಹಸಿದ ಹೆಣ್ಣು ಮೈಯಲ್ಲಿದ್ದದ್ದನ್ನೇ ಮೊಟ್ಟೆಗೆ ಹಾಕುತ್ತದೆ. ತಾಪಮಾನವನ್ನು ಒಂದೇ ಮಟ್ಟದಲ್ಲಿ ಹಿಡಿಯಿರಿ, ಅದು ಒಟ್ಟಾರೆ ಆರೋಗ್ಯಕ್ಕೆ ಒಳ್ಳೆಯದು. ಆದರೆ ಅದನ್ನು ಸಂತಾನ ನಿಯಂತ್ರಣ ಅಂದುಕೊಳ್ಳಬೇಡಿ. ಒಗ್ಗಿಹೋದ ಜೋಡಿ ಮೇ ತಿಂಗಳಲ್ಲೂ ಕೂಡುತ್ತದೆ.

ಆಪರೇಷನ್ ಮಾಡಿಸಬಹುದಾ ಅಂತಲೂ ಕೇಳುತ್ತಾರೆ. ನಾಯಿ-ಬೆಕ್ಕಿಗೆ ಮಾಡಿಸುವಷ್ಟು ರೂಢಿಯ ಕೆಲಸ ಇದಲ್ಲ. ಗಾಜಿನ ಇನ್ನೊಂದು ಪೆಟ್ಟಿಗೆ ಮಾಡುವ ಕೆಲಸಕ್ಕೆ ಪ್ರಾಣಿಯ ಹೊಟ್ಟೆ ಕೊಯ್ಯಿಸುವುದು ಯಾಕೆ?

ಹೆಣ್ಣು ಎಷ್ಟು ಸೋತಿದೆ?

ಇಲ್ಲಿ ಸಮಾಧಾನವಾಗಿ ನೋಡಬೇಕು, ಯಾಕೆಂದರೆ ಅತಿ ಸಂತಾನದಲ್ಲಿ ಸಾಯುವುದು ಹೆಣ್ಣು. ಮೊಟ್ಟೆಯ ಹಿಂದೆ ಮೊಟ್ಟೆ ಬಂದರೆ ಮೈಯ ಕೊಬ್ಬು, ಪ್ರೋಟೀನ್ ಎಲ್ಲ ಅದಕ್ಕೇ ಹೋಗಿ, ರೋಗ ತಡೆಯುವ ಶಕ್ತಿ ಉಳಿಯುವುದಿಲ್ಲ. ಹೊರಗಿನಿಂದ ಮೊದಮೊದಲು ಏನೂ ಕಾಣುವುದೂ ಇಲ್ಲ.

ಅಳತೆ ಹೀಗೆ. ಮೇಲಿನಿಂದ ಒಂದು ಫೋಟೊ ತೆಗೆಯಿರಿ. ಕಿವಿರು ಬಿಟ್ಟು ತಲೆಯ ಅಗಲ ಎಷ್ಟು, ಹೊಟ್ಟೆಯ ಅಗಲ ಎಷ್ಟು? ಎರಡೂ ಹೆಚ್ಚು ಕಡಿಮೆ ಸಮ ಇರಬೇಕು. ಮೊಟ್ಟೆ ಇಟ್ಟ ತಕ್ಷಣ ಹೊಟ್ಟೆ ಒಮ್ಮೆಲೇ ಇಳಿಯುತ್ತದೆ, ಅದು ಸಹಜ. ಆದರೆ ಚೆನ್ನಾಗಿ ತಿನ್ನುತ್ತಿದ್ದೂ ಎರಡು-ಮೂರು ವಾರದಲ್ಲಿ ತಲೆಯ ಅಗಲಕ್ಕೆ ವಾಪಸ್ ಬರದಿದ್ದರೆ ಅದು ಸೋತಿದೆ ಅಂತಲೇ ಅರ್ಥ. ಬಾಲದ ಬುಡ ಸಣ್ಣಗಾಗುವುದು, ಕಿವಿರಿನ ಎಳೆಗಳು ಕುಗ್ಗಿ ಬಿಳಿಚಿಕೊಳ್ಳುವುದು, ಬಾಲದ ತುದಿ ಕೊಕ್ಕೆಯಾಗಿ ಮಡಚಿಕೊಳ್ಳುವುದು, ಮುಂದಿಟ್ಟ ಹುಳವನ್ನು ನೋಡಿಯೂ ಬಾಯಿ ಹಾಕದಿರುವುದು, ಮೈಮೇಲೆ ಗಂಡು ತಿಕ್ಕಿ ಮಾಡಿದ ಗೀರು, ಗೀರಿನ ಮೇಲೆ ಹತ್ತಿಯಂಥ ಬೂಷ್ಟು. ಇವುಗಳಲ್ಲಿ ಒಂದೇ ಇದ್ದರೆ ಮೊದಲು ನೀರು ಪರೀಕ್ಷಿಸಿ: ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 20 ಪಿಪಿಎಂ ಒಳಗೆ. ನೀರು ಸರಿ ಇದ್ದೂ ಎರಡು-ಮೂರು ಲಕ್ಷಣ ಒಟ್ಟಿಗೆ ಕಂಡರೆ ಉಭಯಚರಗಳ ಬಗ್ಗೆ ಗೊತ್ತಿರುವ ಪಶುವೈದ್ಯರಿಗೆ ತೋರಿಸಿ. ಮೀನಿನ ಔಷಧಿ ಅಂಗಡಿಯಿಂದ ತಂದು ಸುರಿಯಬೇಡಿ. ಇವುಗಳ ಚರ್ಮ ಎಲ್ಲವನ್ನೂ ಹೀರುತ್ತದೆ. ಮೀನು ತಡೆದುಕೊಳ್ಳುವ ಮದ್ದು ಇವನ್ನು ಕೊಲ್ಲಬಹುದು.

ಉಲ್ಟಾ ಸಮಸ್ಯೆಯೂ ಬರುತ್ತದೆ. ಹೆಣ್ಣಿನ ಹೊಟ್ಟೆ ದಪ್ಪಗಿದೆ, ಮೊಟ್ಟೆ ತುಂಬಿದೆಯೋ ಕಾಯಿಲೆಯೋ ಗೊತ್ತಾಗುತ್ತಿಲ್ಲ. ಮೊಟ್ಟೆ ತುಂಬಿದ ಹೆಣ್ಣು ಎರಡೂ ಬದಿಗೆ ಸಮನಾಗಿ ಅಗಲವಾಗಿರುತ್ತದೆ, ನೆಲದ ಮೇಲೆ ಆರಾಮಾಗಿ ನಡೆಯುತ್ತದೆ, ತಿನ್ನುತ್ತದೆ, ಮಲ ಹಾಕುತ್ತದೆ. ಗಂಡು ಇಲ್ಲದಿದ್ದರೆ ಆ ಮೊಟ್ಟೆಗಳನ್ನು ಮೈ ತಾನಾಗಿಯೇ ಹೀರಿಕೊಳ್ಳುವುದೂ ಉಂಟು. 'ಮೊಟ್ಟೆ ಹೊರಗೆ ಬರಲಿ ಪಾಪ' ಅಂತ ಗಂಡನ್ನು ತಂದು ಬಿಡುವ ಅಗತ್ಯ ಇಲ್ಲವೇ ಇಲ್ಲ. ಇದಕ್ಕೆ ಬದಲಾಗಿ ಮೇಲೆ ತೇಲಿ ಕೆಳಗೆ ಬರಲಾಗದೆ ಒದ್ದಾಡುತ್ತಿದ್ದರೆ, ಎಷ್ಟೋ ದಿನದಿಂದ ಮಲ ಇಲ್ಲದಿದ್ದರೆ, ಕಲ್ಲು ನುಂಗಿರಬಹುದು. ಟ್ಯಾಂಕಿನಲ್ಲಿ ಬಾಯಿಗೆ ಹಿಡಿಯುವ ಗಾತ್ರದ ಜಲ್ಲಿಕಲ್ಲು ಇದೆಯಾ ನೋಡಿ. ಚರ್ಮ ಬಿಗಿದು, ನೀರು ತುಂಬಿದ ಹಾಗೆ ಊದಿದ್ದರೆ ಅದು ಒಳಗಿನ ಕಾಯಿಲೆ. ಇವೆರಡೂ ವೈದ್ಯರ ಕೆಲಸ.

ಚೇತರಿಕೆಗೆ ಬೇಕಾದ್ದು ಮೂರೇ. ತಣ್ಣನೆಯ ಶುದ್ಧ ನೀರು, ಗಂಡಿಲ್ಲದ ಜಾಗ, ಎರೆಹುಳ. ದೊಡ್ಡ ಆಕ್ಸೊಲಾಟಲ್‌ಗೆ ಸಾಮಾನ್ಯವಾಗಿ ಎರಡು-ಮೂರು ದಿನಕ್ಕೊಮ್ಮೆ ಊಟ ಸಾಕು. ಮೊಟ್ಟೆ ಇಟ್ಟ ಮೇಲೆ ಕೆಲವು ವಾರ ದಿನಾ ಅಥವಾ ದಿನ ಬಿಟ್ಟು ದಿನ ಕೊಡಬಹುದು. ಎರೆಗೊಬ್ಬರ ಮಾಡುವವರ ಹತ್ತಿರ ಹುಳ ಸಿಗುತ್ತದೆ, ಆದರೆ ಯಾವ ಹುಳ ಅಂತ ನೋಡಿ. ಗೊಬ್ಬರದ ತೊಟ್ಟಿಗಳಲ್ಲಿ ಹೆಚ್ಚಾಗಿ ಸಾಕುವುದು ಎರಡು ಜಾತಿ. ಪಟ್ಟೆಪಟ್ಟೆಯ ಸಣ್ಣ ಕೆಂಪು ಹುಳ ಮುಟ್ಟಿದರೆ ಕಹಿ ರಸ ಬಿಡುತ್ತದೆ, ಬಾಯಿಗೆ ತೆಗೆದುಕೊಂಡು ಉಗುಳಿಬಿಡುತ್ತವೆ. ದಪ್ಪಗೆ ಉದ್ದಕ್ಕೆ ಇರುವ ಆಫ್ರಿಕನ್ ಹುಳ ಸಿಕ್ಕರೆ ಅದನ್ನೇ ತನ್ನಿ. ಕೀಟನಾಶಕ ಹೊಡೆದ ತೋಟದ ಮಣ್ಣಿನಿಂದ ಅಗೆದದ್ದು ಬೇಡ.

ಬಿಡುವು ಎಷ್ಟು? ಕನಿಷ್ಠ ಆರು ತಿಂಗಳು. ನಾನಾದರೆ ವರ್ಷ ಅನ್ನುತ್ತೇನೆ. ಒಂದೂವರೆ ವರ್ಷ ತುಂಬದ ಹೆಣ್ಣಂತೂ ಗಂಡಿನ ಹತ್ತಿರ ಇರಲೇಬಾರದು. ಅದರ ಮೈ ಇನ್ನೂ ಬೆಳೆಯುತ್ತಿರುತ್ತದೆ, ಆ ವಯಸ್ಸಿನಲ್ಲಿ ಮೊಟ್ಟೆಗೆ ಖರ್ಚಾದದ್ದು ಬೆಳವಣಿಗೆಯಿಂದ ಕಳೆದದ್ದೇ. ಅಂದಹಾಗೆ ಗಂಡೂ ಸೊರಗುತ್ತದೆ. ಊಟ ಬಿಟ್ಟು ಹಿಂದೆ ಸುತ್ತುವುದೇ ಅದರ ಕೆಲಸವಾಗಿರುತ್ತದಲ್ಲ.

ಇಷ್ಟು ಮೊಟ್ಟೆ ಏನು ಮಾಡುವುದು?

ಫ್ರೀಜರ್. ಕೇಳಲು ಕಷ್ಟ ಅನ್ನಿಸಬಹುದು, ಆದರೆ ಸಾಕುವ ಅನುಭವ ಇರುವವರೆಲ್ಲ ಮಾಡುವುದು ಇದನ್ನೇ. ಮೊಟ್ಟೆ ಕಂಡ ಒಂದೆರಡು ದಿನದೊಳಗೆ, ಅದು ಇನ್ನೂ ಬರೀ ದುಂಡು ಚುಕ್ಕೆಯಾಗಿರುವಾಗಲೇ, ಎಲೆ ಸಮೇತ ಕತ್ತರಿಸಿ ಅಥವಾ ಹಳೇ ಎಟಿಎಂ ಕಾರ್ಡಿನಿಂದ ಗಾಜಿನ ಮೇಲಿಂದ ಕೆರೆದು, ಸ್ವಲ್ಪ ನೀರಿನ ಜೊತೆ ಕವರಿಗೆ ಹಾಕಿ ಫ್ರೀಜರಿನಲ್ಲಿಡಿ. ಎರಡು ದಿನ ಬಿಟ್ಟು ಮಣ್ಣಿನಲ್ಲಿ ಹೂತುಬಿಡಿ. ಆ ಹಂತದಲ್ಲಿ ನೋವು ತಿಳಿಯುವ ನರವ್ಯೂಹವೇ ಇರುವುದಿಲ್ಲ. ತಡ ಮಾಡಿದಷ್ಟೂ ಈ ಮಾತು ಸುಳ್ಳಾಗುತ್ತಾ ಹೋಗುತ್ತದೆ, ಅದಕ್ಕೇ ಇವತ್ತೇ ಅನ್ನುವುದು. ಮೊಟ್ಟೆಯೊಡೆದು ಬಂದ ಮರಿಗೆ, ದೊಡ್ಡ ಪ್ರಾಣಿಗೆ ಫ್ರೀಜರ್ ಖಂಡಿತ ಅಲ್ಲ.

ಟ್ಯಾಂಕಿನಲ್ಲೇ ಬಿಟ್ಟರೆ ಅಪ್ಪ-ಅಮ್ಮನೇ ತಿಂದು ಮುಗಿಸುತ್ತವೆ ಅನ್ನುವ ಲೆಕ್ಕಾಚಾರ ಅರ್ಧ ನಿಜ. ಬಹಳಷ್ಟು ತಿನ್ನುತ್ತವೆ. ಗಿಡದ ಸಂದಿಯಲ್ಲಿ ನಾಲ್ಕೈದು ಉಳಿದುಕೊಳ್ಳುತ್ತವೆ, ಕೊಳೆತ ಮೊಟ್ಟೆ ನೀರು ಕೆಡಿಸುತ್ತದೆ. ಟಾಯ್ಲೆಟ್ಟಿಗೆ, ಚರಂಡಿಗೆ ಹಾಕುವುದು ಬೇಡ.

ಒಂದು ಸಲ ಮರಿ ಮಾಡಿ ನೋಡೋಣ ಅನ್ನುವ ಆಸೆಯಿದ್ದರೆ ಹತ್ತು ಮೊಟ್ಟೆ ಇಟ್ಟುಕೊಳ್ಳಿ, ಹೆಚ್ಚೆಂದರೆ ಇಪ್ಪತ್ತು. ನಾಲ್ಕು ನೂರು ಮೊಟ್ಟೆಯನ್ನೂ ಉಳಿಸುತ್ತೇನೆ, ಮರಿ ಮಾರಿ ಚಿಲ್ಲರಿನ ದುಡ್ಡು ವಾಪಸ್ ತೆಗೆಯುತ್ತೇನೆ ಅನ್ನುವ ಗೆಳೆಯರಿಗೆ ಒಂದೇ ಪ್ರಶ್ನೆ. ದಿನಕ್ಕೆ ಎರಡು ಸಲ ಜೀವಂತ ಊಟ ಯಾರು ಕೊಡುತ್ತಾರೆ?

ಮರಿಗಳು ಆಗಲೇ ಹೊರಬಂದಿದ್ದರೆ

ಹುಟ್ಟಿದಾಗ ಮರಿ ಸುಮಾರು ಒಂದು ಸೆಂ.ಮೀ. ಮೊದಲ ಎರಡು-ಮೂರು ದಿನ ಹೊಟ್ಟೆಯಲ್ಲಿ ಉಳಿದ ಹಳದಿಯೇ ಊಟ. ಆಮೇಲೆ ಅಲ್ಲಾಡುವುದನ್ನು ಮಾತ್ರ ತಿನ್ನುತ್ತವೆ. ಒಣ ಪುಡಿ ಹಾಕಿದರೆ ನೀರು ಕೆಟ್ಟು ಮರಿ ಹಸಿದು ಸಾಯುತ್ತವೆ. ಆಗಷ್ಟೇ ಮರಿಯಾದ ಆರ್ಟೀಮಿಯ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಕೊಡಬೇಕು. ಅದರ ಮೊಟ್ಟೆಯನ್ನು ಉಪ್ಪುನೀರಿನಲ್ಲಿ ಹಾಕಿ, ಗಾಳಿ ಬಿಟ್ಟು, ಬೆಚ್ಚಗೆ ಇಟ್ಟರೆ ಸುಮಾರು ಒಂದು ದಿನಕ್ಕೆ ಒಡೆಯುತ್ತದೆ. ಅಂದರೆ ಎರಡು ಬಾಟಲಿ ಸರದಿ ಮೇಲೆ ಓಡುತ್ತಲೇ ಇರಬೇಕು. ಕೊಡುವ ಮುಂಚೆ ಸಿಹಿನೀರಿನಲ್ಲಿ ಸೋಸಿ ತೊಳೆಯಿರಿ.

ದೋಷ: ಮರಿಗಳ ಕಾಲು, ಕಿವಿರು ಕಾಣೆಯಾಗುತ್ತಿದೆ. ಕಾರಣ: ಪಕ್ಕದ ಮರಿಯೇ ತಿಂದಿದೆ. ಮುಂಗಾಲು ಮೂಡುವ ಹೊತ್ತಿನಿಂದ ಮರಿಗಳು ಎದುರಿಗೆ ಅಲ್ಲಾಡಿದ್ದಕ್ಕೆಲ್ಲ ಬಾಯಿ ಹಾಕುತ್ತವೆ. ಕಾಲು ಮತ್ತೆ ಬೆಳೆಯುತ್ತದೆ, ನಿಜ, ಆದರೆ ಗುಂಪು ಜಾಸ್ತಿ ಇದ್ದಷ್ಟೂ ಕಚ್ಚಾಟ ಜಾಸ್ತಿ. ಗಾತ್ರ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕಿ, ಊಟ ಹೆಚ್ಚಿಸಿ. ಹತ್ತು ಮರಿಗೆ ಇದು ಆಗುವ ಕೆಲಸ. ನಾಲ್ಕು ನೂರಕ್ಕೆ ಮನೆಯ ಪಾತ್ರೆಯೆಲ್ಲ ಸಾಲುವುದಿಲ್ಲ. ಸಾಕಲಾಗದಷ್ಟು ಮರಿ ಆಗಲೇ ಇದ್ದರೆ ವೈದ್ಯರ ಜೊತೆ ಮಾತಾಡಿ, ನೋವಿಲ್ಲದೆ ಮುಗಿಸುವ ದಾರಿ ಅವರ ಹತ್ತಿರ ಇದೆ.

ಇನ್ನೊಂದು ದೋಷ ತಡವಾಗಿ ಕಾಣಿಸಿಕೊಳ್ಳುತ್ತದೆ. ಉಳಿಸಿಕೊಂಡ ಮರಿಗಳು ಒಟ್ಟಿಗೇ ಬೆಳೆದು, ಒಂದು ದಿನ ಆ ಟ್ಯಾಂಕಿನಲ್ಲೇ ಮೊಟ್ಟೆ. ಆಕ್ಸೊಲಾಟಲ್ ಕಿವಿರು ಉಳಿಸಿಕೊಂಡೇ, ಮರಿರೂಪದಲ್ಲೇ ಪ್ರಾಯಕ್ಕೆ ಬರುತ್ತದೆ, ಹಾಗಾಗಿ 'ಇನ್ನೂ ಮರಿ' ಅನ್ನಿಸುತ್ತಿರುವಾಗಲೇ ಅಣ್ಣ-ತಂಗಿ ಕೂಡಿಬಿಡುತ್ತವೆ. ಬೇಗ ಬೆಳೆದವು ಆರು ತಿಂಗಳಿಗೇ ತಯಾರಾಗಬಹುದು. ಲಿಂಗ ಗೊತ್ತಾಗುವವರೆಗೆ ಕಾಯಬೇಡಿ. ಆರು ತಿಂಗಳಾಗುತ್ತಲೇ ಒಂದೊಂದನ್ನೇ ಬೇರೆ ಮಾಡಿ, ಗುರುತು ಸಿಕ್ಕಮೇಲೆ ಹೆಣ್ಣು-ಹೆಣ್ಣು ಅಥವಾ ಗಂಡು-ಗಂಡು ಒಂದೇ ಗಾತ್ರದವನ್ನು ಜೊತೆ ಹಾಕಿ.

ಒಡಹುಟ್ಟಿದವು ಕೂಡಿದರೆ ಏನಾಯಿತು ಅನ್ನುವವರಿಗೆ ಸ್ವಲ್ಪ ಹಿನ್ನೆಲೆ. 1864ರಲ್ಲಿ ಪ್ಯಾರಿಸ್‌ನಲ್ಲಿ ಓಗುಸ್ಟ್ ದ್ಯುಮೆರಿಲ್ ಅನ್ನುವ ಪ್ರಾಣಿಶಾಸ್ತ್ರಜ್ಞರ ಕೈಗೆ ಆರು ಆಕ್ಸೊಲಾಟಲ್ ಬಂದವು. ಐದು ಗಂಡು, ಒಂದೇ ಹೆಣ್ಣು. ಅವುಗಳ ಸಂತಾನವೇ ಯುರೋಪಿನ ಪ್ರಯೋಗಾಲಯಗಳಿಗೆ ಹರಡಿತು. ಇವತ್ತು ಲ್ಯಾಬು, ಮನೆಗಳಲ್ಲಿರುವ ಪ್ರಾಣಿಗಳ ವಂಶದಲ್ಲಿ ಅವುಗಳ ಪಾಲು ದೊಡ್ಡದು. 1962ರಲ್ಲಿ ಅಮೆರಿಕದಲ್ಲಿ ರೂಫಸ್ ಹಂಫ್ರಿ ಇದರ ಹತ್ತಿರದ ನೆಂಟ ಟೈಗರ್ ಸಾಲಮಾಂಡರ್ ಜೊತೆ ಬೆರೆಸಿ ಆಲ್ಬಿನೋ ಗುಣವನ್ನು ಈ ವಂಶಕ್ಕೆ ತಂದರು. ಅಂದರೆ ಅಂಗಡಿಯಿಂದ ಬೇರೆ ಬೇರೆ ಊರಲ್ಲಿ ಕೊಂಡ ಎರಡು ಪ್ರಾಣಿಗಳೂ ಆಗಲೇ ಹತ್ತಿರದ ಸಂಬಂಧಿಗಳು. ಅದರ ಮೇಲೆ ಒಂದೇ ಗೂಡಿನವನ್ನು ಕೂಡಿಸಿದರೆ ಬೆಳವಣಿಗೆ ನಿಂತ ಮರಿ, ಗಿಡ್ಡ ಬೆರಳು, ಮೊಟ್ಟೆಯಲ್ಲೇ ಸಾಯುವುದು ಇಂಥವು ಹೆಚ್ಚುತ್ತವೆ.

'ಅಳಿವಿನಂಚಿನ ಪ್ರಾಣಿ, ನಾವು ಉಳಿಸುತ್ತಿದ್ದೀವಿ' ಅನ್ನುವ ಮಾತೂ ಇದಕ್ಕೇ ನಿಲ್ಲುವುದಿಲ್ಲ. ಸೊಚಿಮಿಲ್ಕೊದಲ್ಲಿ 1998ರಲ್ಲಿ ಚದರ ಕಿ.ಮೀ.ಗೆ ಸುಮಾರು 6,000 ಇದ್ದದ್ದು 2014ರ ಹೊತ್ತಿಗೆ ಸುಮಾರು 36ಕ್ಕೆ ಬಂದಿತ್ತು. ಕೊಳಕು ನೀರು, ಅಲ್ಲಿಗೆ ತಂದು ಬಿಟ್ಟ ಕಾರ್ಪ್ ಮತ್ತು ತಿಲಾಪಿಯ ಮೀನುಗಳೇ ಅಲ್ಲಿನ ಕಾರಣ. ನಮ್ಮ ಟ್ಯಾಂಕಿನ ಬೆರಕೆ ಮರಿ ಅಲ್ಲಿಗೆ ಹೋಗುವುದೂ ಇಲ್ಲ, ಹೋದರೆ ಉಪಯೋಗವೂ ಇಲ್ಲ.

ಕೊಡುವ ಮೊದಲು, ಬಿಡುವ ಮೊದಲು

ಕೆರೆಗೆ ಬಿಡಬೇಡಿ. ನಮ್ಮ ಕೆರೆಗಳ ಬಿಸಿಗೆ ಬದುಕುವುದು ಕಷ್ಟ ಅನ್ನುವುದು ಒಂದು. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರ ಇವುಗಳ ಮೈಯಲ್ಲಿ ಇರಬಹುದು ಅನ್ನುವುದು ಇನ್ನೊಂದು. ಟ್ಯಾಂಕಿನ ನೀರನ್ನೂ ಕೆರೆ-ಹಳ್ಳಕ್ಕೆ ಸುರಿಯಬಾರದು.

ಮರಿ ಕೊಡುವುದಕ್ಕೂ ಕಾನೂನಿದೆ. ಆಕ್ಸೊಲಾಟಲ್ ಸೈಟಿಸ್ (ಅಳಿವಿನ ಭೀತಿಯ ಜೀವಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ) ಒಪ್ಪಂದದ ಎರಡನೇ ಅನುಬಂಧದಲ್ಲಿರುವ ಪ್ರಾಣಿ. 2022ರ ವನ್ಯಜೀವಿ ಕಾಯ್ದೆ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇಂಥ ವಿದೇಶಿ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. ಬಿಲ್ಲಿಲ್ಲದೆ ಕೊಂಡು, ನೂರು ಮರಿಯನ್ನು ಡಬ್ಬಿಯಲ್ಲಿ ಹಂಚುವುದು ಹಾಗಾಗಿ ಅಷ್ಟು ಸಲೀಸಲ್ಲ. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರು ಇದನ್ನು ಓದುತ್ತಿದ್ದರೆ, ಅಲ್ಲಿ ಸಾಕುವುದಕ್ಕೇ ನಿಷೇಧ ಇದೆ. ತಪ್ಪಿಸಿಕೊಂಡ ಪ್ರಾಣಿ ಅಲ್ಲಿಯ ಸ್ಥಳೀಯ ಸಾಲಮಾಂಡರ್ ಜೊತೆ ಬೆರೆತುಹೋಗಬಹುದು ಅನ್ನುವ ಭಯ.

ಸರಿಯಾದ ಮನೆ ಸಿಕ್ಕಿ ಕೊಡುವುದಾದರೆ ಮರಿ ಕನಿಷ್ಠ 7–8 ಸೆಂ.ಮೀ. ಆಗಿ, ಎರೆಹುಳದ ತುಂಡು ತಿನ್ನಲು ಕಲಿತ ಮೇಲೆ ಕೊಡಿ. ತೆಗೆದುಕೊಳ್ಳುವವರ ಟ್ಯಾಂಕಿನ ತಾಪಮಾನ ಎಷ್ಟು, ಅಲ್ಲಿ ಆಗಲೇ ಯಾರಿದ್ದಾರೆ ಅಂತ ಕೇಳಿ. ಮತ್ತೆ, ಇದು ಗಂಡೋ ಹೆಣ್ಣೋ ಅಂತ ಅವರು ಕೇಳಿದರೆ 'ಇನ್ನೂ ಗೊತ್ತಿಲ್ಲ, ಒಂದೇ ಇಟ್ಟುಕೊಳ್ಳಿ' ಅಂತಲೇ ಹೇಳಿ.